ಕಾರಿನ ಎಂಜಿನ್ ಹೀಟ್ ಆಗುತ್ತಿದೆಯೇ? ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್–ಮೇ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಗಾಡಿ ಹೀಟ್ ಆದರೆ "ಬ್ಯಾಸಗಿ ಐತಿ, ಹಂಗ ಆಗತೈತಿ ಬಿಡ್ರಿ" ಎನ್ನುತ್ತ ಒಂದು ಬಾಟಲಿ ನೀರು ಸುರಿದು ಮುಂದೆ ಹೋಗುವವರೇ ಹೆಚ್ಚು. ಕೂಲಿಂಗ್ ಸರಿಯಾಗಿರುವ ಕಾರು ಇದೇ ಬಿಸಿಲಲ್ಲಿ, ಎಸಿ ಹಾಕಿಕೊಂಡು, ಐದು ಜನರನ್ನು ಕೂರಿಸಿಕೊಂಡು ಹೋದರೂ ಡ್ಯಾಶ್‌ಬೋರ್ಡಿನ ಹೀಟ್ ಮೀಟರಿನ ಮುಳ್ಳು ಅರ್ಧ ದಾಟಬಾರದು. ದಾಟಿತೆಂದರೆ ಎಲ್ಲೋ ದೋಷವಿದೆ. ಚಳಿಗಾಲವಿಡೀ ಅದು ಅಡಗಿ ಕುಳಿತಿತ್ತು, ಬಿಸಿಲು ಹೊರಗೆ ಹಾಕಿತು, ಅಷ್ಟೇ.

ಕಾರಣಗಳ ಪಟ್ಟಿ ದೊಡ್ಡದು: ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಸೋರಿಕೆ, ರೇಡಿಯೇಟರ್ ಕ್ಯಾಪ್, ಫ್ಯಾನ್, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್), ಕೂಲಂಟನ್ನು ತಣಿಸುವ ರೇಡಿಯೇಟರ್, ಅದನ್ನು ಸುತ್ತಿಸುವ ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ). ಒಂದೊಂದನ್ನೇ ಬದಲಿಸಿ ನೋಡುತ್ತ ಹೋದರೆ ದುಡ್ಡೂ ಹೋಗುತ್ತದೆ, ದೋಷವೂ ಉಳಿಯುತ್ತದೆ. ಎಂಜಿನ್ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ನಂತರ ಕೈಗೆ ಸುಲಭವಾದ, ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ ಬಿಚ್ಚುವ ಕೆಲಸದ ಕಡೆಗೆ ಹೋಗಿ.

ದಾರಿಯಲ್ಲಿ ಮುಳ್ಳು ಏರಿದರೆ

ಮುಳ್ಳು ಮಧ್ಯ ದಾಟಿ ಸ್ವಲ್ಪ ಮೇಲೆ ಹೋಗಿದ್ದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಬಿಡಿ, ಕಿಟಕಿ ಇಳಿಸಿ. ಹೀಟರಿನೊಳಗೂ ಒಂದು ಚಿಕ್ಕ ರೇಡಿಯೇಟರ್ ಇರುವುದರಿಂದ ಎಂಜಿನ್ ಬಿಸಿ ಸ್ವಲ್ಪ ಅಲ್ಲಿಂದಲೂ ಹೊರಹೋಗುತ್ತದೆ. ಮುಳ್ಳು ಇಳಿಯದಿದ್ದರೆ, ಕೆಂಪು ದೀಪ ಹತ್ತಿದರೆ ಅಥವಾ ಬಾನೆಟ್ ಸಂದಿಯಿಂದ ಹಬೆ ಬಂದರೆ "ಮುಂದಿನ ಊರಿನ ತನಕ" ಎನ್ನಬೇಡಿ. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಈಗಿನ ಎಂಜಿನ್ನುಗಳ ಹೆಡ್ ಅಲ್ಯೂಮಿನಿಯಂನದು. ಕೆಂಪು ಗೆರೆಯಲ್ಲಿ ಓಡಿಸಿದ ಎರಡೇ ಕಿಲೋಮೀಟರು ಹೋಸ್ ಪೈಪಿನ ಕೆಲಸವನ್ನು ಹೆಡ್ ಇಳಿಸುವ ಕೆಲಸವಾಗಿ ಮಾಡಬಲ್ಲದು.

ಹಬೆ ನಿಂತ ಮೇಲೆಯೇ ಬಾನೆಟ್ ಎತ್ತಿ. ಎಂಜಿನ್ ಬಂದಾಗಿದ್ದರೂ ಕೀ ಆನ್‌ನಲ್ಲಿಟ್ಟರೆ ಹಲವು ಕಾರುಗಳಲ್ಲಿ ಫ್ಯಾನ್ ಓಡುತ್ತದೆ, ಓಡಿದರೆ ಬಿಡಿ. ಕನಿಷ್ಠ 45 ನಿಮಿಷ ಕಾಯಬೇಕು. ಒತ್ತಡದಲ್ಲಿರುವ ಕೂಲಂಟ್ 110–120 ಡಿಗ್ರಿ ಇದ್ದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತೆರೆದ ಕ್ಷಣ ಒತ್ತಡ ಹೋಗಿ ಪೂರ್ತಿ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಪೈಪನ್ನು ಬಟ್ಟೆ ಹಿಡಿದು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ. ಮೆತ್ತಗಾದ ಮೇಲೆ ದಪ್ಪ ಬಟ್ಟೆ ಹಾಕಿ ಕ್ಯಾಪನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ, ಸುಯ್ ಶಬ್ದ ನಿಲ್ಲಲಿ, ಆಮೇಲೆ ತೆಗೆಯಿರಿ.

ಬಿಸಿ ಎಂಜಿನ್ ಮೇಲೆ ಹೊರಗಿನಿಂದ ತಣ್ಣೀರು ಸುರಿಯಬಾರದು, ರೇಡಿಯೇಟರಿಗೂ ಒಮ್ಮೆಲೇ ಸುರಿಯಬಾರದು. ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿರುವ ಲೋಹ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ.

ಎಷ್ಟು ಬಿಸಿ ಸಹಜ?

ಬಹುಪಾಲು ಕಾರುಗಳ ಕೂಲಂಟ್ 85ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಥರ್ಮೋಸ್ಟಾಟ್ 82–88ಕ್ಕೆ ತೆರೆಯುತ್ತದೆ. ಎಲೆಕ್ಟ್ರಿಕ್ ಫ್ಯಾನ್ 95–100ರ ಸುಮಾರಿಗೆ ಶುರುವಾಗಿ ಐದಾರು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. 105 ದಾಟಿ ಏರುತ್ತಲೇ ಇದ್ದರೆ ಎಚ್ಚರ. 115ಕ್ಕೆ ಬಂದರೆ ನಿಲ್ಲಿಸಿ.

ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬುವಂತಿಲ್ಲ. ಸಣ್ಣಪುಟ್ಟ ಏರಿಳಿತಕ್ಕೆ ಅಲುಗದಂತೆ ಅದನ್ನು ಕಂಪನಿಯವರೇ ಹೊಂದಿಸಿರುತ್ತಾರೆ. ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಹೀಟ್ ಆದರೆ ಕೆಂಪು ದೀಪ. ಒಬಿಡಿ ಸಾಕೆಟ್ಟಿಗೆ (ಕಾರಿನ ದೋಷ ಓದುವ ಸಾಕೆಟ್) ಚುಚ್ಚುವ ಬ್ಲೂಟೂತ್ ಅಡಾಪ್ಟರ್ ತಂದರೆ ಕೂಲಂಟ್ ಡಿಗ್ರಿ ಮೊಬೈಲಿನಲ್ಲೇ ಕಾಣುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿ ಇರಲಾರದು. ಕೋಡ್ ಬಂದಿದ್ದರೆ ಓದಿಕೊಳ್ಳಿ: ಪಿ0217 ಎಂದರೆ ಅತಿ ಬಿಸಿ, ಪಿ0115ರಿಂದ ಪಿ0118 ಕೂಲಂಟ್ ಸೆನ್ಸರಿನದು, ಪಿ0480 ಫ್ಯಾನ್ ಸರ್ಕ್ಯೂಟಿನದು, ಪಿ0128 ಥರ್ಮೋಸ್ಟಾಟ್ ಮುಚ್ಚದೆ ತೆರೆದೇ ಉಳಿದಿದೆ ಎಂಬುದರ ಸೂಚನೆ.

ಯಾವಾಗ ಬಿಸಿಯಾಗುತ್ತದೆ?

ಚನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ, ರೈಲ್ವೆ ಗೇಟಿನಲ್ಲಿ ಅಥವಾ ಕಬ್ಬಿನ ಟ್ರಾಕ್ಟರಿನ ಹಿಂದೆ ಆಮೆಗತಿಯಲ್ಲಿ ಹೋಗುವಾಗ ಏರಿ, ಗಾಡಿ 60ರ ವೇಗ ಹಿಡಿದ ಕೂಡಲೇ ಇಳಿಯುತ್ತದೆಯೇ? ಹಾಗಾದರೆ ಗಾಳಿ ಸಾಲುತ್ತಿಲ್ಲ. ಮೊದಲು ಫ್ಯಾನ್ ನೋಡಿ. ವೇಗವಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರ್ ತಂಪು ಮಾಡುವುದರಿಂದ ಫ್ಯಾನ್ ಸತ್ತಿದ್ದರೂ ಹೈವೇಯಲ್ಲಿ ಗೊತ್ತಾಗುವುದಿಲ್ಲ.

ಇದಕ್ಕೆ ಉಲ್ಟಾ, ಊರೊಳಗೆ ಸರಿಯಿದ್ದು ಸೊಲ್ಲಾಪುರ ರಸ್ತೆಯಲ್ಲಿ 100ರ ವೇಗದಲ್ಲಿ ಅಥವಾ ಗೋವಾದಿಂದ ಬರುವಾಗ ಚೋರ್ಲಾ ಘಾಟಿನ ಏರಿನಲ್ಲಿ ಮುಳ್ಳು ಮೇಲೆ ಹೋದರೆ ನೀರಿನ ಹರಿವು ಕಡಿಮೆಯಾಗಿದೆ. ಒಳಗಿನಿಂದ ಕಟ್ಟಿದ ರೇಡಿಯೇಟರ್, ಸವೆದ ವಾಟರ್ ಪಂಪ್, ಒಳಕ್ಕೆ ಕುಸಿಯುವ ಕೆಳಗಿನ ಹೋಸ್, ಅರ್ಧ ತೆರೆಯುವ ಥರ್ಮೋಸ್ಟಾಟ್, ಈ ನಾಲ್ಕರಲ್ಲಿ ಒಂದಿರಬೇಕು. ಹೆಡ್ ಗ್ಯಾಸ್ಕೆಟ್ ಆಗಷ್ಟೇ ಬಿಡಲು ಶುರುವಾಗಿದ್ದರೂ ಏರಿನಲ್ಲೇ ಮೊದಲು ಕಾಣುತ್ತದೆ.

ಬೆಳಗ್ಗೆ ಸ್ಟಾರ್ಟ್ ಮಾಡಿ ಐದು–ಹತ್ತು ನಿಮಿಷದಲ್ಲೇ ಏರುವುದಾದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಇಲ್ಲವೇ ಕೂಲಂಟ್ ತೀರಾ ಕಡಿಮೆಯಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಎಸಿ ಹಾಕಿದಾಗ ಮಾತ್ರ ಏರಿದರೆ ರೇಡಿಯೇಟರಿನ ಮುಂದಿರುವ ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಕಟ್ಟಿರುವುದು ಅಥವಾ ಫ್ಯಾನಿನ ಹೈ ಸ್ಪೀಡ್ ಹೋಗಿರುವುದು ಸಾಮಾನ್ಯ. ಮುಳ್ಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕುಣಿದರೆ ಗಾಳಿ ಗುಳ್ಳೆ ಅಥವಾ ಸೆನ್ಸರ್ ಕನೆಕ್ಟರ್.

ಕೆಂಪಿನ ಹತ್ತಿರ ಹೋಗಿದ್ದ ಮುಳ್ಳು ದಿಢೀರನೆ ತಣ್ಣಗಿನ ಕಡೆಗೆ ಬಿದ್ದರೆ, ಜೊತೆಗೆ ಹೀಟರಿನಿಂದಲೂ ತಣ್ಣನೆ ಗಾಳಿ ಬಂದರೆ, ಎಂಜಿನ್ ತಣ್ಣಗಾಯಿತು ಎಂದು ತಿಳಿಯಬೇಡಿ. ಸೆನ್ಸರ್ ಇರುವಲ್ಲಿ ಕೂಲಂಟೇ ಇಲ್ಲದಂತಾಗಿರಬಹುದು. ಎಂಜಿನ್ನಿಗೆ ಅತ್ಯಂತ ಅಪಾಯದ ಹೊತ್ತು ಅದು.

ತಣ್ಣಗಿರುವಾಗ ನೋಡುವುದು: ಮಟ್ಟ, ಕ್ಯಾಪ್, ಸೋರಿಕೆ

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. ರಿಸರ್ವ್ ಟ್ಯಾಂಕಿನ ಗೆರೆ ನೋಡಿದರೆ ಸಾಲದು. ರೇಡಿಯೇಟರಿಗೆ ಬೇರೆ ಕ್ಯಾಪ್ ಇದ್ದರೆ ಅದನ್ನೂ ತೆಗೆಯಿರಿ. ಟ್ಯಾಂಕಿನಲ್ಲಿ ಕೂಲಂಟ್ ತುಂಬಿದ್ದು ರೇಡಿಯೇಟರ್ ಖಾಲಿಯಿದ್ದರೆ ತಪ್ಪು ಕ್ಯಾಪಿನದು: ಬಿಸಿಯಾದಾಗ ಹೊರಹೋದ ಕೂಲಂಟನ್ನು ತಣ್ಣಗಾದ ಮೇಲೆ ಮರಳಿ ಎಳೆದುಕೊಳ್ಳಬೇಕಾದ ಸಣ್ಣ ವಾಲ್ವ್ ಕೆಟ್ಟಿದೆ, ಇಲ್ಲವೇ ಟ್ಯಾಂಕಿಗೆ ಹೋಗುವ ತೆಳು ಪೈಪು ಸೀಳಿ ಗಾಳಿ ಎಳೆಯುತ್ತಿದೆ. ತಣ್ಣಗಾದ ಮೇಲೆ ಹೋಸ್ ಪೈಪು ಚಪ್ಪಟೆಯಾಗಿ ನಿಂತಿದ್ದರೂ ಅದೇ ವಾಲ್ವಿನ ದೋಷ.

ಕ್ಯಾಪ್ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ. ಅಷ್ಟು ಬಾರ್ ಒತ್ತಡ ತಡೆಯುತ್ತದೆ ಎಂದರ್ಥ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿವೆ. ಇಲ್ಲಿ ತೆರೆದ ಪಾತ್ರೆಯಲ್ಲಿ ಬರೀ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 1 ಬಾರ್ ಒತ್ತಡ ಸೇರಿದರೆ ಅದೇ ನೀರು 120ರವರೆಗೆ ತಡೆಯುತ್ತದೆ, ಅರ್ಧಕ್ಕರ್ಧ ಕೂಲಂಟ್ ಬೆರೆತರೆ ಇನ್ನೂ ಏಳೆಂಟು ಡಿಗ್ರಿ ಹೆಚ್ಚು. ಕ್ಯಾಪಿನ ರಬ್ಬರ್ ಹರಿದು ಒತ್ತಡ ನಿಲ್ಲದಿದ್ದರೆ ಈ ರಕ್ಷಣೆಯೆಲ್ಲ ಹೋಯಿತು: ಫ್ಯಾನ್ ಶುರುವಾಗುವ ಹೊತ್ತಿಗೇ ಬರೀ ನೀರಿನ ಗಾಡಿ ಕುದಿಯುತ್ತಿರುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಪಾರ್ಟ್ ಇದು. ರಬ್ಬರ್ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಅದೇ ಅಂಕಿಯ ಹೊಸದು ಹಾಕಿ. ಹೆಚ್ಚಿನ ಅಂಕಿಯ ಕ್ಯಾಪ್ ಹಾಕಿದರೆ ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಸೀಳುತ್ತದೆ.

ಮುಚ್ಚಿದ ವ್ಯವಸ್ಥೆಯಲ್ಲಿ ಕೂಲಂಟ್ ತಾನಾಗಿ ಕಡಿಮೆಯಾಗುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಒಂದು ಬೆರಳಿನಷ್ಟು ಇಳಿದರೆ ಬಿಡಿ. ವಾರವಾರ ಹಾಕಬೇಕಾಗಿ ಬಂದರೆ ಸೋರಿಕೆ ಇದ್ದೇ ಇದೆ. ಬಿಸಿಯಲ್ಲಿ ಸೋರಿದ್ದು ಆರಿಹೋಗುವುದರಿಂದ ಹನಿ ಕಾಣಬೇಕೆಂದಿಲ್ಲ. ಒಣಗಿದ ಹಸಿರು, ಗುಲಾಬಿ ಅಥವಾ ಬಿಳಿ ಕಲೆ ಹುಡುಕಿ: ಹೋಸ್ ಕ್ಲಿಪ್ಪಿನ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚಿನಲ್ಲಿ, ವಾಟರ್ ಪಂಪಿನ ಅಡಿಯ ಸಣ್ಣ ತೂತಿನ ಕೆಳಗೆ. ಒಳಗೆ ಕಾಲಿಡುವಲ್ಲಿ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಸೋರುತ್ತಿದೆ. ಹೊಸ ಡೀಸೆಲ್ ಗಾಡಿಗಳಲ್ಲಿ ಎಲ್ಲೂ ಹನಿಯಿಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಬಿಡುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಭಾಗ) ಒಳಗಿಂದ ಸೀಳಿರುವ ಸಾಧ್ಯತೆಯನ್ನು ಮರೆಯಬೇಡಿ.

ಕಣ್ಣಿಗೆ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ತಣ್ಣಗಿನ ಎಂಜಿನ್ನಿಗೆ ಕೈಪಂಪಿನಿಂದ ಕ್ಯಾಪಿನ ಅಂಕಿಯಷ್ಟು ಒತ್ತಡ ಕೊಟ್ಟು 15 ನಿಮಿಷ ಬಿಟ್ಟರೆ ಮೀಟರ್ ಇಳಿಯಬಾರದು. ಇಳಿದೂ ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ದರೆ ಕೂಲಂಟ್ ಎಂಜಿನ್ ಒಳಗೇ ಹೋಗುತ್ತಿದೆ.

ಫ್ಯಾನ್

ಹೆಗಲ ಮೇಲಿನ ಟವೆಲ್, ಸೆರಗು, ದುಪಟ್ಟಾ ತೆಗೆದಿಟ್ಟು ಕೆಲಸ ಶುರುಮಾಡಿ. ಎಲೆಕ್ಟ್ರಿಕ್ ಫ್ಯಾನ್ ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು, ಆದ್ದರಿಂದ ಕೈ ಹಾಕುವ ಮೊದಲು ಅದರ ಸಾಕೆಟ್ ಬಿಚ್ಚಿ.

ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಬಹುಪಾಲು ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಈ ಕ್ರಮದಲ್ಲಿ ಹೋಗಿ:

1. ಫ್ಯೂಸ್ ನೋಡಿ. ಹಾರಿದ್ದರೆ ಅದೇ ಆಂಪಿಯರಿನ ಹೊಸದು ಹಾಕಿ. ಮತ್ತೆ ಹಾರಿದರೆ ಮೋಟರ್ ಜಾಮ್ ಆಗಿದೆ ಅಥವಾ ವೈರ್ ಶಾರ್ಟ್ ಆಗಿದೆ. ದಪ್ಪ ಫ್ಯೂಸ್ ಹಾಕಿ ಸರಿಮಾಡಿದೆ ಎನ್ನುವುದು ಬೆಂಕಿಗೆ ದಾರಿ.

2. ಫ್ಯಾನ್ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್) ತೆಗೆದು, ಅದೇ ಬಾಕ್ಸಿನಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ. ಹಾರ್ನಿನದು ಹಲವು ಬಾರಿ ಹೊಂದುತ್ತದೆ.

3. ಮೋಟರಿನ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ, ನಡುವೆ ಫ್ಯೂಸ್ ಇರಲಿ. ತಿರುಗದಿದ್ದರೆ ಮೋಟರ್ ಹೋಗಿದೆ. ಬೆರಳಿನಿಂದ ತಳ್ಳಿದರೆ ಮಾತ್ರ ತಿರುಗುವ ಮೋಟರಿನಲ್ಲಿ ಕಾರ್ಬನ್ ಬ್ರಷ್ ಸವೆದಿದೆ. ಇಂದು ನಡೆದರೂ ನಾಳೆ ಕೈಕೊಡುತ್ತದೆ.

4. ನೇರ ಕೊಟ್ಟಾಗ ತಿರುಗಿದರೆ ಸೆನ್ಸರ್ ಕಡೆ ಹೋಗಿ. ಎಂಜಿನ್ ಓಡುವಾಗ ಕೂಲಂಟ್ ಸೆನ್ಸರಿನ ಸಾಕೆಟ್ ಬಿಚ್ಚಿದರೆ ಹಲವು ಕಾರುಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮುಂಜಾಗ್ರತೆಗಾಗಿ ಫ್ಯಾನ್ ಓಡಿಸುತ್ತದೆ. ಹಾಗೆ ಓಡಿದರೆ ವೈರಿಂಗ್, ರಿಲೇ ಎಲ್ಲ ಸರಿಯಿವೆ, ಅನುಮಾನ ಸೆನ್ಸರ್ ಮೇಲೆ. ಮಲ್ಟಿಮೀಟರಿನಲ್ಲಿ ಅಳೆದರೆ ತಣ್ಣಗಿರುವಾಗ ಸಾಮಾನ್ಯವಾಗಿ 2–3 ಸಾವಿರ ಓಮ್, 80 ಡಿಗ್ರಿಗೆ 300ರ ಸುಮಾರು ಓಮ್ ತೋರಿಸಬೇಕು.

ಎಸಿಗೆ ತಿರುಗುವ ಫ್ಯಾನ್ ಎಂಜಿನ್ 100 ಡಿಗ್ರಿಗೆ ಬಂದರೂ ಜೋರಾಗದಿದ್ದರೆ ಹೈ ಸ್ಪೀಡ್ ರಿಲೇ ನೋಡಿ. ಲೋ ಸ್ಪೀಡ್ ಮಾತ್ರ ಹೋಗಿದ್ದರೆ ರೆಸಿಸ್ಟರ್ ಸುಟ್ಟಿದೆ. ಮೋಟರ್ ಬದಲಿಸಿದ ಮೇಲೆ ಸಮಸ್ಯೆ ಶುರುವಾಗಿದ್ದರೆ ಗಾಳಿಯ ದಿಕ್ಕು ಪರೀಕ್ಷಿಸಿ. ವೈರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನ ಗ್ರಿಲ್ಲಿಗೆ ಹಾಳೆಯೊಂದನ್ನು ಹಿಡಿದರೆ ಅದು ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಮುರಿದು ಬಿಸಾಡಿದ್ದರೆ ಹೊಸದು ಹಾಕಿಸಿ, ಅದಿಲ್ಲದೆ ಫ್ಯಾನ್ ತನ್ನೆದುರಿನ ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ.

ಬೆಲ್ಟಿನ ಮೇಲೆ ತಿರುಗುವ ಫ್ಯಾನ್ ಇರುವ ಹಳೆಯ ಜೀಪು, ಎಸ್‌ಯುವಿಗಳಲ್ಲಿ ನಡುವೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಮಾತ್ರ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಭಾಗ) ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಸಲೀಸಾಗಿ ಹಲವು ಸುತ್ತು ಹೋದರೆ ಕ್ಲಚ್ಚಿನ ಸಿಲಿಕೋನ್ ಎಣ್ಣೆ ಸೋರಿದೆ. ಅದರ ನಡುಗುಂಬದ ಮೇಲೆ ಜಿಡ್ಡುಧೂಳು ಅಂಟಿರುವುದೂ ಅದೇ ಗುರುತು.

ರೇಡಿಯೇಟರ್: ಹೊರಗೆ ರವದಿ, ಒಳಗೆ ಸವಳು

ನಮ್ಮ ಭಾಗದ ಹೆಚ್ಚಿನ ಹೀಟ್ ಸಮಸ್ಯೆಗಳ ಮೂಲ ಇಲ್ಲಿದೆ, ಆದ್ದರಿಂದ ಸಮಯ ಕೊಡಿ.

ಮೊದಲು ಹೊರಗಡೆ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ರವದಿ (ಕಬ್ಬಿನ ಒಣ ಗರಿ) ಹಾರುತ್ತಿರುತ್ತದೆ. ಅದರ ಜೊತೆ ಎರೆಮಣ್ಣಿನ ಧೂಳು, ಹತ್ತಿಯ ಎಳೆ, ಸತ್ತ ಹುಳ. ಮುಂದಿನಿಂದ ನೋಡಿದರೆ ಕಾಣುವುದು ಎಸಿ ಕಂಡೆನ್ಸರ್ ಮಾತ್ರ. ಅದು ಚೊಕ್ಕವಾಗಿಯೇ ಇರುತ್ತದೆ. ಕಸವೆಲ್ಲ ಅದನ್ನು ದಾಟಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಒಂದೆರಡು ಬೆರಳಿನ ಸಂದಿಯಲ್ಲಿ ಕೂತು, ಎಣ್ಣೆಯ ಪಸೆಗೆ ಅಂಟಿ, ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಸಂಜೆ ಕತ್ತಲಲ್ಲಿ ಫ್ಯಾನಿನ ಕಡೆಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬೆಳಕು ಬರದ ಜಾಗದಲ್ಲಿ ಗಾಳಿಯೂ ಬರುವುದಿಲ್ಲ.

ತೊಳೆಯುವಾಗ ಎಂಜಿನ್ ತಣ್ಣಗಿರಲಿ. ರೇಡಿಯೇಟರಿನ ಮೇಲಿನ ಬ್ರಾಕೆಟ್ ಬೋಲ್ಟ್ ಬಿಚ್ಚಿ ಅದನ್ನು ಎಂಜಿನ್ ಕಡೆ ಸ್ವಲ್ಪ ವಾಲಿಸಿದರೆ ಸಂದಿ ತೆರೆಯುತ್ತದೆ. ಎಸಿ ಪೈಪುಗಳನ್ನು ಎಳೆಯಬೇಡಿ. ಕೈಗೆ ಸಿಕ್ಕ ಕಸವನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದು, ಶಾಂಪೂ ನೀರು ಹಾಕಿ ಹತ್ತು ನಿಮಿಷ ನೆನೆಸಿ. ಆಮೇಲೆ ಮಾಮೂಲಿ ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ, ನೇರವಾಗಿ ಬಿಡಿ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಕ್ಕೆ ಹೋಗುತ್ತದೆ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳುವಾದ ಫಿನ್‌ಗಳು ಮಡಚಿ ಗಾಳಿಯ ದಾರಿ ಕಾಯಂ ಮುಚ್ಚುತ್ತದೆ. ಹುಳ ತಡೆಯಲು ಗ್ರಿಲ್ಲಿನ ಹಿಂದೆ ಸೊಳ್ಳೆಜಾಳಿಗೆ ಕಟ್ಟಿದ್ದರೆ ತೆಗೆದುಹಾಕಿ. ಆಯುಧ ಪೂಜೆಯ ಹಾರ, ಬಾಳೆ ಎಲೆಯನ್ನೂ ಊರು ಬಿಟ್ಟು ಹೊರಡುವ ಮೊದಲು ಗ್ರಿಲ್ಲಿನಿಂದ ಬಿಚ್ಚಿಡಿ.

ಇನ್ನು ಒಳಗಡೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಬೋರಿನ ನೀರು ಗಡಸು, ಕೆಲವೆಡೆ ಸವಳು. ಹಂಡೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ತೆಳು ಕೊಳವೆಗಳಲ್ಲೂ, ಸಿಲಿಂಡರ್ ಸುತ್ತಲೂ ಕಟ್ಟುತ್ತದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೊನೇಟ್ ಕಾದಾಗ ಸುಣ್ಣವಾಗಿ ಬೇರ್ಪಡುತ್ತದೆ, ಆ ಸುಣ್ಣ ಬಿಸಿಯನ್ನು ದಾಟಿಸುವುದಿಲ್ಲ. ಸವಳಿನ ಕ್ಲೋರೈಡ್ ಅಲ್ಯೂಮಿನಿಯಂ ತಿಂದು ಸೂಜಿಮೊನೆಯ ತೂತು ಮಾಡುತ್ತದೆ. ಪ್ರತಿ ಬಾರಿ "ಸ್ವಲ್ಪ ನೀರು" ಹಾಕಿದಾಗಲೂ ಹೊಸ ಸುಣ್ಣ ಸೇರುತ್ತ ಹೋಗುತ್ತದೆ. "ಇಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ?" ಎನ್ನುವವರಿಗೆ ಉತ್ತರ ಇದೇ: ಕುದಿಯುವ ಬಿಂದು ಏರಿಸುವುದಕ್ಕೆ ಮತ್ತು ತುಕ್ಕು ತಡೆಯುವುದಕ್ಕೆ ಅದು ಬೇಕು.

ಒಳಗೆ ಕಟ್ಟಿದೆಯೇ ಎಂದು ತಿಳಿಯಲು ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಯನ್ನು ಅಂಗುಲ ಅಂಗುಲ ಅಳೆಯಿರಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಸಮನಾಗಿ ಇಳಿಯಬೇಕು. ನಡುವೆ ತಣ್ಣನೆಯ ಪಟ್ಟಿ ಸಿಕ್ಕರೆ ಆ ಕೊಳವೆಗಳು ಮುಚ್ಚಿವೆ. ಫ್ಯಾನ್ ಓಡುವಾಗ ಮೇಲಿನ ಮತ್ತು ಕೆಳಗಿನ ಹೋಸ್ ನಡುವೆ ಸುಮಾರು 10–20 ಡಿಗ್ರಿ ಅಂತರ ಇರುತ್ತದೆ. ಎರಡೂ ಒಂದೇ ಬಿಸಿಯಿದ್ದರೆ ರೇಡಿಯೇಟರ್ ಶಾಖ ಬಿಡುತ್ತಿಲ್ಲ. ಅಂತರ ವಿಪರೀತ ಇದ್ದರೆ ನೀರು ಹರಿಯುತ್ತಿಲ್ಲ.

ಸ್ವಲ್ಪ ಕಟ್ಟಿದ್ದರೆ ರೇಡಿಯೇಟರ್ ಫ್ಲಶ್ ದ್ರವ ಹಾಕಿ, ಬಾಟಲಿಯ ಮೇಲೆ ಬರೆದಷ್ಟೇ ಹೊತ್ತು ಓಡಿಸಿ, ಸ್ವಚ್ಛ ನೀರು ಬರುವವರೆಗೆ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಹಾಕಿಸಬೇಡಿ. ಅವು ಅಲ್ಯೂಮಿನಿಯಂ ಅನ್ನೂ ತಿಂದುಹಾಕುತ್ತವೆ. ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚಿದ್ದರೆ ಹೊಸ ರೇಡಿಯೇಟರೇ ಸರಿ.

ಥರ್ಮೋಸ್ಟಾಟ್ ತೆಗೆದು ಬಿಸಾಡಬೇಡಿ

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ. ಒಬಿಡಿಯಲ್ಲಿ ಡಿಗ್ರಿ ಏರುತ್ತ ಹೋಗುವಾಗ ರೇಡಿಯೇಟರ್ ಕಡೆಯ ಹೋಸ್ ತಣ್ಣಗೇ ಇರಬೇಕು, 85ರ ಸುಮಾರಿಗೆ ಒಮ್ಮೆಲೇ ಬಿಸಿಯಾಗಬೇಕು. 100 ದಾಟಿದರೂ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ. (ಕೆಲವು ಎಂಜಿನ್ನುಗಳಲ್ಲಿ ಅದು ಕೆಳಗಿನ ಹೋಸಿನ ಕಡೆ ಇರುತ್ತದೆ. ಯಾವ ಕಡೆಯದು ಎಂದು ಮೊದಲು ನೋಡಿಕೊಳ್ಳಿ.)

ಬಿಚ್ಚಿದರೆ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಿಂದ ತಳ ತಾಗದಂತೆ ತೂಗಿಬಿಟ್ಟು, ಥರ್ಮಾಮೀಟರ್ ಹಾಕಿ ಕಾಯಿಸಿ. ಮೈಮೇಲೆ ಅಚ್ಚಾದ ಡಿಗ್ರಿಗೆ, 82 ಅಥವಾ 88ಕ್ಕೆ, ಎರಡು ಡಿಗ್ರಿ ಆಚೀಚೆ ತೆರೆಯಲು ಶುರುವಾಗಬೇಕು. ಪೂರ್ತಿ ತೆರೆದಾಗ ಸಾಮಾನ್ಯವಾಗಿ 8 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತಬೇಕು. 88ರ ಥರ್ಮೋಸ್ಟಾಟ್ ಪೂರ್ತಿ ತೆರೆಯಲು 100 ಡಿಗ್ರಿ ಬೇಕಾಗುತ್ತದೆ, ನಮ್ಮೂರಿನ ನೀರು ಅಷ್ಟು ಕಾಯುವ ಮೊದಲೇ ಕುದಿಯುತ್ತದೆ. ಪಾತ್ರೆಯಲ್ಲಿ ಪೂರ್ತಿ ತೆರೆಯಲಿಲ್ಲ ಎಂದು ಒಳ್ಳೆಯದನ್ನು ಎಸೆಯಬೇಡಿ, ಶುರುವಾಗುವ ಡಿಗ್ರಿಯನ್ನೇ ನೋಡಿ. ಮರುಜೋಡಿಸುವಾಗ ಸಣ್ಣ ಅಲುಗುವ ಪಿನ್ ಮೇಲ್ಗಡೆ ಬರಲಿ. ಗಾಳಿ ಹೊರಹೋಗುವ ದಾರಿ ಅದು.

"ಥರ್ಮೋಸ್ಟಾಟ್ ತಗದ್ ಬಿಡ್ರಿ, ನಮ್ಮ ಬಿಸಲಿಗೆ ಬೇಕಾಗೂದಿಲ್ಲ" ಎಂಬ ಸಲಹೆ ಪ್ರತಿ ಊರಲ್ಲೂ ಸಿಗುತ್ತದೆ. ಒಪ್ಪಬೇಡಿ. ಅದಿಲ್ಲದ ಎಂಜಿನ್ ಬೇಕಾದ ಬಿಸಿಗೆ ಬರಲು ತಡವಾಗುತ್ತದೆ, ಇಸಿಯು ಹೆಚ್ಚು ಇಂಧನ ಹಾಕುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ, ಸಿಲಿಂಡರ್ ಸವೆಯುತ್ತದೆ. ಇನ್ನೂ ಮುಖ್ಯವಾದದ್ದು: ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಅದರ ಹಿಂಭಾಗದ ತಟ್ಟೆ ಬೈಪಾಸ್ ದಾರಿಯನ್ನು (ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುವ ದಾರಿ) ಮುಚ್ಚುತ್ತದೆ. ತೆಗೆದುಹಾಕಿದರೆ ಬಿಸಿನೀರು ಬೈಪಾಸಿನಲ್ಲೇ ಸುತ್ತಿ, ರೇಡಿಯೇಟರಿಗೆ ಹೋಗುವುದು ಕಡಿಮೆಯಾಗಿ, ಏರಿನಲ್ಲಿ ಮೊದಲಿಗಿಂತ ಹೆಚ್ಚು ಹೀಟ್ ಆಗುತ್ತದೆ.

ವಾಟರ್ ಪಂಪ್

ಬೆಲ್ಟ್ ಸಡಿಲವಿಲ್ಲವೇ ನೋಡಿ. ಪುಲ್ಲಿಯನ್ನು ಹಿಡಿದು ಅಲುಗಾಡಿಸಿದರೆ ಆಟ ಇರಬಾರದು, ಕರಕರ ಶಬ್ದ ಬರಬಾರದು. ಒಳಗಿನ ಚಕ್ರ ತುಕ್ಕು ತಿಂದಿದ್ದರೆ, ಪ್ಲಾಸ್ಟಿಕ್ಕಿನದಾದರೆ ಶಾಫ್ಟಿನ ಮೇಲೆ ಜಾರುತ್ತಿದ್ದರೆ ಹೊರಗಿನಿಂದ ಏನೂ ಕಾಣದು. ಎಂಜಿನ್ ಬಿಸಿಯಿದ್ದು, ಆಕ್ಸಿಲರೇಟರ್ ಒತ್ತದ ಐಡಲ್‌ನಲ್ಲಿ ಹೀಟರ್ ತಣ್ಣನೆ ಗಾಳಿ ಕೊಟ್ಟು, 2,500 ಆರ್‌ಪಿಎಮ್‌ಗೆ ಏರಿಸಿದಾಗ ಬಿಸಿಯಾದರೆ ಪಂಪ್ ದುರ್ಬಲ ಅಥವಾ ಕೂಲಂಟ್ ಕಡಿಮೆ. ಅದೇ ಹೊತ್ತಿಗೆ ಕೆಳಗಿನ ಹೋಸ್ ಒಳಕ್ಕೆ ಕುಸಿಯುತ್ತದೆಯೇ ನೋಡಿ. ಕುಸಿದರೆ ಹೋಸ್ ಹಳಸಿದೆ ಅಥವಾ ರೇಡಿಯೇಟರ್ ಕಟ್ಟಿದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟ್ ಬದಲಿಸುವಾಗ ಪಂಪನ್ನೂ ಬದಲಿಸಿಬಿಡಿ, ಕೂಲಿ ಒಂದೇ.

ಹೆಡ್ ಗ್ಯಾಸ್ಕೆಟ್

ಇದಕ್ಕೆ ಕೊನೆಗೆ ಬನ್ನಿ, ಆದರೆ ಗುರುತು ಕಂಡರೆ ಅಸಡ್ಡೆ ಮಾಡಬೇಡಿ. ಬೆಳಗಿನ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಾಗುವುದು, ಕ್ಯಾಪ್ ತೆಗೆದು ಓಡಿಸಿದಾಗ ಗುಳ್ಳೆ ನಿಲ್ಲದೆ ಬರುವುದು, ರಿಸರ್ವ್ ಟ್ಯಾಂಕಿನಿಂದ ಕೂಲಂಟ್ ಉಕ್ಕುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಚಹಾದ ಬಣ್ಣಕ್ಕೆ ತಿರುಗುವುದು. ಆಯಿಲ್ ಕ್ಯಾಪಿನ ಅಡಿ ಮಾತ್ರ ಸ್ವಲ್ಪ ಕೆನೆ ಕಂಡರೆ ಗಾಬರಿ ಬೇಡ. ದಿನಾ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ, ಅದರಲ್ಲೂ ಬೆಳಗಾವಿಯ ಮಳೆಗಾಲದಲ್ಲಿ, ಗಾಳಿಯ ತೇವದಿಂದಲೂ ಆಗುತ್ತದೆ.

ಖಚಿತಕ್ಕೆ ಬ್ಲಾಕ್ ಟೆಸ್ಟ್ ಇದೆ. ರೇಡಿಯೇಟರಿನ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ಒಳಗಿನ ಗಾಳಿ ಎಳೆದರೆ, ಸುಟ್ಟ ಅನಿಲ ಬಂದಿದ್ದಲ್ಲಿ ನೀಲಿ ಹಳದಿಯಾಗುತ್ತದೆ. ಕೂಲಂಟ್ ಕೊಳವೆಯೊಳಗೆ ಏರದಂತೆ ಮಟ್ಟ ಸ್ವಲ್ಪ ಇಳಿಸಿಕೊಂಡೇ ಮಾಡಬೇಕು. ಪೆಟ್ರೋಲ್ ಕಾರಿನಲ್ಲಿ ಪ್ಲಗ್ ಬಿಚ್ಚಿ ನೋಡಿ: ಒಂದೇ ಒಂದು ಪ್ಲಗ್ ತೊಳೆದಷ್ಟು ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ಕೂಲಂಟ್ ಬರುತ್ತಿದೆ. ಕಂಪ್ರೆಷನ್ ಟೆಸ್ಟಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ.

ಹೆಡ್ ಇಳಿಸಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುವಂತಿಲ್ಲ. ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಅಳೆಯಬೇಕು. ಬಹಳಷ್ಟು ಎಂಜಿನ್ನುಗಳಲ್ಲಿ 0.05 ಮಿಲಿಮೀಟರ್ ಮೀರಿ ಸೊಟ್ಟಗಿದ್ದರೆ ಫೇಸಿಂಗ್ (ಮೇಲ್ಮೈ ಉಜ್ಜಿ ಸಮ ಮಾಡುವುದು) ಮಾಡಿಸಬೇಕು. ಬಿರುಕಿಗಾಗಿ ಹೆಡ್ಡಿನ ಪ್ರೆಶರ್ ಟೆಸ್ಟ್ ಮಾಡಿಸಿ. ಬೋಲ್ಟುಗಳು ಒಮ್ಮೆ ಬಿಗಿದರೆ ಹಿಗ್ಗುವ ಬಗೆಯವಾದರೆ ಹೊಸವೇ ಬೇಕು, ಬಿಗಿಯುವುದು ನಡುವಿನಿಂದ ಹೊರಕ್ಕೆ, ಕಂಪನಿ ಹೇಳಿದ ಟಾರ್ಕಿನಲ್ಲಿ. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಎಲ್ಲವೂ ಸರಿಯಿದ್ದೂ ಬಿಸಿಯಾಗುತ್ತಿದ್ದರೆ ಹೊರಗಿನ ಭಾರ ನೋಡಿ: ಹಿಡಿದುಕೊಂಡೇ ಇರುವ ಬ್ರೇಕ್ (ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ಸುಡುತ್ತದೆ), ಜಾರುವ ಕ್ಲಚ್, ಕಟ್ಟಿದ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಿ ಮಾಡುವ ಭಾಗ), ಕಡಿಮೆಯಾದ ಎಂಜಿನ್ ಆಯಿಲ್.

ಕೂಲಂಟ್ ತುಂಬಿ ಗಾಳಿ ತೆಗೆಯುವುದು

ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಂಬುದು ಕಂಪನಿ ಹಾಕಿದ ಬಣ್ಣ. ಒಳಗಿನ ರಸಾಯನ ಬೇರೆ ಬೇರೆ. ಕಾರಿನ ಪುಸ್ತಕದಲ್ಲಿ ಹೇಳಿದ ಬಗೆಯದನ್ನೇ ತನ್ನಿ. ಬೇರೆ ಬಗೆ ಬೆರೆತರೆ ಕೆಲವೊಮ್ಮೆ ಲೋಳೆಗಟ್ಟಿ ರೇಡಿಯೇಟರ್ ಮುಚ್ಚುತ್ತದೆ.

ಪ್ರಮಾಣದಲ್ಲಿ ಬಹಳ ಜನ ತಪ್ಪುವ ಜಾಗ ಒಂದಿದೆ. ಸಣ್ಣ ಪೆಟ್ರೋಲ್ ಕಾರಿನ ಒಟ್ಟು ಸಾಮರ್ಥ್ಯ 5 ಲೀಟರ್ ಎಂದುಕೊಳ್ಳಿ. ತೊಳೆದು ಡ್ರೇನ್ ಮಾಡಿದಾಗ 3 ಲೀಟರ್ ಬಂತು. ಉಳಿದ 2 ಲೀಟರ್ ತೊಳೆದ ನೀರು ಎಂಜಿನ್ ಮತ್ತು ಹೀಟರಿನಲ್ಲೇ ನಿಂತಿದೆ. ಈಗ ಅರ್ಧಕ್ಕರ್ಧ ಬೆರೆಸಿದ ರೆಡಿ ಕೂಲಂಟ್ 3 ಲೀಟರ್ ಹಾಕಿದರೆ ಒಳಗಿನ ಮಿಶ್ರಣ ಶೇಕಡಾ 30ಕ್ಕೆ ಇಳಿಯುತ್ತದೆ. ಅದರ ಬದಲು ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್) ಎರಡೂವರೆ ಲೀಟರ್ ಮೊದಲು ಹಾಕಿ, ಮೇಲೆ ಅರ್ಧ ಲೀಟರ್ ನೀರು ಹಾಕಿ. ಕೊನೆಯ ಎರಡು ತೊಳೆತಕ್ಕೂ, ಬೆರೆಸುವುದಕ್ಕೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಬೇಕು; ಸಿಗದಿದ್ದರೆ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ನಡೆಯುತ್ತದೆ. ಶೇಕಡಾ 60ಕ್ಕಿಂತ ಗಟ್ಟಿ ಮಾಡಿದರೆ ಶಾಖ ಹೊರುವ ಶಕ್ತಿ ಕಡಿಮೆಯಾಗುತ್ತದೆ.

ಗಾಡಿಯ ಮೂತಿ ಸ್ವಲ್ಪ ಮೇಲಿರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ. ಹೀಟರ್ ಪೂರ್ತಿ ಬಿಸಿಗೆ ಇಡಿ. ಗಾಳಿ ತೆಗೆಯುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದೆ ಧಾರೆ ಬಂದ ಮೇಲೆ ಬಿಗಿಯಿರಿ. ನಿಧಾನವಾಗಿ ತುಂಬಿ, ಮೇಲಿನ ಹೋಸನ್ನು ಹಿಂಡುತ್ತ ಹೋಗಿ, ಕ್ಯಾಪ್ ತೆರೆದಿಟ್ಟೇ ಐಡಲ್‌ನಲ್ಲಿ ಓಡಿಸಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆಲೇ ಇಳಿಯುತ್ತದೆ, ಆಗ ತುಂಬಿ ಕ್ಯಾಪ್ ಹಾಕಿ. ಫ್ಯಾನ್ ಎರಡು ಬಾರಿ ಶುರುವಾಗಿ ನಿಲ್ಲುವ ತನಕ ಬಿಡಿ. ಹೀಟರಿನಿಂದ ಒಂದೇ ಸಮ ಬಿಸಿಗಾಳಿ ಬಂದರೆ ಒಳಗೆ ಗಾಳಿ ಉಳಿದಿಲ್ಲ.

ತೆಗೆದ ಹಳೆಯ ಕೂಲಂಟನ್ನು ಗಟಾರಕ್ಕೆ, ಹೊಲದ ಬದುವಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಸರ್ವಿಸ್ ಸೆಂಟರಿಗೆ ಕೊಡಿ.

ರಿಪೇರಿ ಮುಗಿದ ಮೇಲೆ ಒಬಿಡಿ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲೇ ಪರೀಕ್ಷಿಸಿ: ಎಸಿ ಹಾಕಿ 15 ನಿಮಿಷ ನಿಂತಲ್ಲೇ ಐಡಲ್, ಆಮೇಲೆ ಹೈವೇಯಲ್ಲಿ 20 ಕಿಲೋಮೀಟರ್, ಸಾಧ್ಯವಾದರೆ ಒಂದು ಏರು. ಮೂರರಲ್ಲೂ 105 ದಾಟಬಾರದು. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಟ್ಯಾಂಕಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಮೊದಲೆರಡು ದಿನ ಉಳಿದ ಗಾಳಿ ಹೊರಬಂದು ಸ್ವಲ್ಪ ಇಳಿಯುವುದು ಸಹಜ. ಒಂದು ವಾರದ ನಂತರವೂ ಇಳಿಯುತ್ತಲೇ ಇದ್ದರೆ ಪ್ರೆಶರ್ ಟೆಸ್ಟಿನಿಂದ ಮತ್ತೆ ಶುರುಮಾಡಿ.